ಕುದುರೆಮುಖ ನೋಡಲು ಬಂದು ನಿಷೇಧಿತ ಕಾಡಿಗೆ ಕಾಲಿಟ್ಟುಬಿಟ್ಟರೆ ಏನು ಮಾಡಬೇಕು

ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಸುತ್ತ ಬೇಲಿ ಇಲ್ಲ. ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ, ಈ ಮೂರು ಜಿಲ್ಲೆಗಳಿಗೆ ಹರಡಿಕೊಂಡ ಸುಮಾರು 600 ಚದರ ಕಿಲೋಮೀಟರ್ ಕಾಡು ಮತ್ತು ಹುಲ್ಲುಗಾವಲು ಇದು. 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಯಾರ ಕಾಫಿ ತೋಟ ಎಲ್ಲಿ ಮುಗಿಯಿತು, ಕಾಡು ಎಲ್ಲಿ ಶುರುವಾಯಿತು ಅನ್ನುವುದು ಇಲ್ಲೇ ಹುಟ್ಟಿ ಬೆಳೆದ ನಮಗೆ ಗೊತ್ತು. ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ಬಂದು, ಬೆಳಿಗ್ಗೆ ಮಂಜಿನಲ್ಲಿ ಜೀಪು ಹತ್ತಿದವರಿಗೆ ಅದು ಹೇಗೆ ಗೊತ್ತಾಗಬೇಕು? ಅದಕ್ಕೇ ಇಲ್ಲಿ ಗಡಿ ದಾಟುವವರಲ್ಲಿ ಹೆಚ್ಚಿನವರು ಗೊತ್ತಿಲ್ಲದೆ ದಾಟುತ್ತಾರೆ. ಗೊತ್ತಾದ ಮೇಲೆ ಗಾಬರಿಯಲ್ಲಿ ಇನ್ನೂ ದೊಡ್ಡ ತೊಂದರೆ ಮಾಡಿಕೊಳ್ಳುತ್ತಾರೆ.

ನಾನು ಕಳಸ ತಾಲ್ಲೂಕಿನ ಸಂಸೆಯ ಹತ್ತಿರ ಹೋಂಸ್ಟೇ ನಡೆಸುತ್ತೇನೆ. ನನ್ನ ಮೈದುನ ಚಾರಣದ ಗೈಡ್. ಚಿಕ್ಕವಳಿದ್ದಾಗ ದನ ಹುಡುಕಿಕೊಂಡು ಈ ಗುಡ್ಡಗಳನ್ನೆಲ್ಲ ಸುತ್ತಿದ್ದೇನೆ. ಮನೆಗೆ ಬಂದವರು ರಾತ್ರಿ ಊಟಕ್ಕೆ ಕೂತಾಗ, ಬಿಸಿ ಕಡುಬು ಬಡಿಸುತ್ತಾ ಹೇಳುವ ಮಾತುಗಳನ್ನೇ ಇಲ್ಲಿ ಬರೆಯುತ್ತಿದ್ದೇನೆ. ಪೂರ್ತಿ ಓದಲು ಪುರುಸೊತ್ತಿಲ್ಲ ಅನ್ನುವವರು ಇದೊಂದನ್ನು ನೆನಪಿಟ್ಟುಕೊಳ್ಳಿ: ಬರಬಾರದ ಜಾಗಕ್ಕೆ ಬಂದಿದ್ದೀರಿ ಅಂತ ಅನುಮಾನ ಬಂದ ಕೂಡಲೇ ನಿಲ್ಲಿ, ಬಂದ ದಾರಿಯಲ್ಲೇ ವಾಪಸ್ ಹೋಗಿ, ಯಾರಾದರೂ ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಮುಂದಿನದೆಲ್ಲ ಇದರ ವಿವರ.

ಪರ್ಮಿಟ್ ಇದ್ದರೂ ತಪ್ಪುವುದು ಹೇಗೆ

2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಒಂದೇ ಸಲ ಸಾವಿರಾರು ಜನ ನುಗ್ಗಿದ ಮೇಲೆ ಸರ್ಕಾರ ಚಾರಣಕ್ಕೆಲ್ಲ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿತು. ಈಗ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲೇ ಬುಕ್ ಮಾಡಬೇಕು. ಕುದುರೆಮುಖ ಶಿಖರಕ್ಕೆ ದಿನಕ್ಕೆ 300 ಜನರ ಮಿತಿ ಇದೆ. ಶನಿವಾರ, ಭಾನುವಾರದ ಟಿಕೆಟ್ ಸಿಗುವುದು ಬಹಳ ಕಷ್ಟ. ಟಿಕೆಟ್ ಸಿಕ್ಕವರು ಇನ್ನು ಇಡೀ ಕಾಡೇ ನಮ್ಮದು ಅಂದುಕೊಳ್ಳುವುದುಂಟು. ಹಾಗಲ್ಲ. ನಿಮ್ಮ ಕೈಯಲ್ಲಿರುವ ಪರ್ಮಿಟ್ ಒಂದು ದಾರಿಗೆ, ಒಂದು ದಿನಕ್ಕೆ, ಹಗಲು ಹೊತ್ತಿಗೆ ಮಾತ್ರ. ಮುಳ್ಳೋಡಿಯಿಂದ ಹತ್ತುವ ಶಿಖರದ ಪರ್ಮಿಟ್ ಇಟ್ಟುಕೊಂಡು ಕುರಿಂಜಲ್ ಹತ್ತುವ ಹಾಗಿಲ್ಲ. ಗಂಗಡಿಕಲ್ಲಿನ ಪರ್ಮಿಟ್‌ನಲ್ಲಿ ನೇತ್ರಾವತಿ ಶಿಖರಕ್ಕೆ ಹೋಗುವ ಹಾಗಿಲ್ಲ. ಒಂದಕ್ಕೊಂದು ಹತ್ತಿರ ಕಂಡರೂ ಎಲ್ಲ ಬೇರೆ ಬೇರೆ. ಟೆಂಟು ಹಾಕಿ ರಾತ್ರಿ ಉಳಿಯುವುದಂತೂ ಎಲ್ಲೂ ಇಲ್ಲ.

ಇನ್ನೊಂದು ತಪ್ಪು ಶುರುವಾಗುವುದು ಮೊಬೈಲಿನಲ್ಲಿ. ಮ್ಯಾಪಿನಲ್ಲಿ ಚುಕ್ಕಿ ಚುಕ್ಕಿಯಾಗಿ ಒಂದು ದಾರಿ ಕಾಣುತ್ತದೆ. ಅದು ಯಾರೋ ಯಾವಾಗಲೋ ನಡೆದು ಹಾಕಿದ ಗೆರೆ. ಅದನ್ನು ಹಾಕಿದವರಿಗೆ ಪರ್ಮಿಟ್ ಇತ್ತೋ ಇಲ್ಲವೋ ಮ್ಯಾಪ್ ಕೇಳುವುದಿಲ್ಲ. ಹಿಂದೆ ಬೆಳ್ತಂಗಡಿ ಕಡೆಯಿಂದ ನಾವೂರಿನ ಮೇಲೆ ಕುದುರೆಮುಖ ಹತ್ತುತ್ತಿದ್ದವರಿದ್ದರು, ಅವರು ಬರೆದಿಟ್ಟದ್ದೂ ಇದೆ. ಅದನ್ನು ಓದಿಕೊಂಡು ಇವತ್ತು ಆ ಕಡೆ ಹೊರಟರೆ ಹೊರಟ ಗಳಿಗೆಯಿಂದಲೇ ಅತಿಕ್ರಮ ಪ್ರವೇಶ. ಅದಕ್ಕೇ ನನ್ನ ಅತಿಥಿಗಳಿಗೆ ಹೇಳುತ್ತೇನೆ, ಮ್ಯಾಪ್ ಇಟ್ಟುಕೊಳ್ಳಿ, ಎಲ್ಲಿದ್ದೀರಿ ಅಂತ ತಿಳಿಯಲು ಬೇಕಾಗುತ್ತದೆ. ಎಲ್ಲಿಗೆ ಹೋಗಬಹುದು ಅನ್ನುವುದನ್ನು ಮಾತ್ರ ಗೈಡ್ ಬಾಯಿಂದ ಕೇಳಿ.

ಬೆಂಕಿ ರೇಖೆ ಅನ್ನುವ ಮೋಸದ ದಾರಿ

ಬಾಳೆಗಲ್ಲಿನಿಂದ ಜೀಪಿನಲ್ಲಿ ಮುಳ್ಳೋಡಿಗೆ ಹೋಗಿ, ಅಲ್ಲಿಂದ ನಡೆಯಲು ಶುರು ಮಾಡಿ ಮೊದಲ ಹಳ್ಳಗಳನ್ನು ದಾಟಿ ಏರಿದರೆ ಒಂಟಿಮರ ಸಿಗುತ್ತದೆ. ಬಟ್ಟಂಬಯಲಾದ ಹುಲ್ಲಿನ ಮಧ್ಯೆ ಒಂದೇ ಮರ. ಅಲ್ಲಿ ಎಲ್ಲರೂ ನಿಂತು ಫೋಟೊ ತೆಗೆಯುತ್ತಾರೆ, ಗುಂಪು ಚದುರುತ್ತದೆ. ಅಲ್ಲಿಂದ ಮುಂದೆ ಒಂದು ಮಗ್ಗುಲಲ್ಲಿ ಶೋಲಾ, ಅಂದರೆ ಗುಡ್ಡದ ಮಡಿಲಲ್ಲಿ ದಟ್ಟವಾಗಿ ಬೆಳೆದ ಕಾಡು, ಇನ್ನೊಂದು ಮಗ್ಗುಲಲ್ಲಿ ಬೋಳು ಗುಡ್ಡ. ಮಂಜು ಬಂತೆಂದರೆ ಮುಂದಿರುವವರ ಬೆನ್ನಿನ ಚೀಲವೂ ಕಾಣುವುದಿಲ್ಲ.

ಇಂಥ ಕಡೆ ಜನರನ್ನು ಹೆಚ್ಚು ದಾರಿ ತಪ್ಪಿಸುವುದು ಬೆಂಕಿ ರೇಖೆ. ಇದು ಏನೆಂದು ಚೆನ್ನಾಗಿ ತಿಳಿದುಕೊಳ್ಳಿ. ಬೇಸಿಗೆ ಬಂದರೆ ಇಲ್ಲಿನ ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗುತ್ತದೆ, ಒಂದು ಕಿಡಿ ಬಿದ್ದರೆ ಗುಡ್ಡಕ್ಕೆ ಗುಡ್ಡವೇ ಹೊತ್ತಿಕೊಳ್ಳುತ್ತದೆ. ಬೆಂಕಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟದಿರಲಿ ಅಂತ ಇಲಾಖೆಯವರು ಮೊದಲೇ ಗುಡ್ಡದ ಏಣಿನ ಗುಂಟ ಪಟ್ಟಿಯಾಗಿ ಹುಲ್ಲು ಸವರಿ, ನೆಲ ಬೋಳು ಮಾಡಿಟ್ಟಿರುತ್ತಾರೆ. ಆಮೇಲೆ ಮಳೆ ಬಂದು ಹುಲ್ಲು ಚಿಗುರಿದರೂ ಆ ಪಟ್ಟಿಯಲ್ಲಿ ಹುಲ್ಲು ಗಿಡ್ಡಕ್ಕೆ, ಬೇರೆ ಕಡೆ ಎತ್ತರಕ್ಕೆ. ದೂರದಿಂದ ನೋಡಿದರೆ ಯಾರೋ ಅಚ್ಚುಕಟ್ಟಾಗಿ ದಾರಿ ಮಾಡಿಟ್ಟ ಹಾಗೆ ಕಾಣುತ್ತದೆ. ನಿಜವಾದ ಚಾರಣದ ದಾರಿಗಿಂತ ಇದೇ ಅಗಲ, ಇದೇ ನೇರ. ಗೊತ್ತಿಲ್ಲದವರು ಇದನ್ನೇ ಹಿಡಿದುಬಿಡುತ್ತಾರೆ.

ಎರಡನ್ನೂ ಬೇರೆ ಮಾಡಿ ಗುರುತಿಸುವುದು ಕಷ್ಟವೇನಲ್ಲ, ಬಗ್ಗಿ ನೆಲ ನೋಡಬೇಕು ಅಷ್ಟೆ. ದಿನಕ್ಕೆ ನೂರಾರು ಜನ ನಡೆಯುವ ದಾರಿ ನಡುವೆ ತಗ್ಗಿರುತ್ತದೆ, ಮಣ್ಣು ನುಣುಪಾಗಿ ಕೆಂಪಗಿರುತ್ತದೆ, ಮಳೆ ನೀರು ಅದರಲ್ಲೇ ಹರಿದು ಕಾಲುವೆಯಂತಾಗಿರುತ್ತದೆ, ಬೂಟಿನ ಅಚ್ಚು ಬಿದ್ದಿರುತ್ತದೆ. ಬೆಂಕಿ ರೇಖೆಯಲ್ಲಿ ಅಗಲವಾದ ಪಟ್ಟಿ ಇರುತ್ತದೆ, ಸವೆತ ಇರುವುದಿಲ್ಲ, ಹುಲ್ಲಿನ ಕೂಳೆ ಕಾಲಿಗೆ ಚುಚ್ಚುತ್ತದೆ. ದಾರಿ ಗುಡ್ಡವನ್ನು ಬಳಸಿಕೊಂಡು ಸಲೀಸಾಗಿ ಏರುತ್ತದೆ, ಬೆಂಕಿ ರೇಖೆ ಕಡಿದಾದ ಏಣನ್ನೂ ಲೆಕ್ಕಿಸದೆ ನೇರ ಹೋಗುತ್ತದೆ. ಕಾಟಿ (ಕಾಡುಕೋಣ), ಕಡವೆ ಓಡಾಡಿದ ಕಾಲುದಾರಿಯೂ ಇರುತ್ತದೆ. ಅದು ಇಕ್ಕಟ್ಟು, ಆಳ. ಸ್ವಲ್ಪ ದೂರ ಹೋಗಿ ಶೋಲಾದ ಒಳಗೆ ನುಗ್ಗುತ್ತದೆ, ಸಗಣಿಯೂ ಗೊರಸಿನ ಗುರುತೂ ಇರುತ್ತದೆ. ಬೂಟಿನ ಅಚ್ಚು ಕಾಣದೆ ಹತ್ತು ನಿಮಿಷ ನಡೆದಿದ್ದೀರಿ ಅಂದರೆ ನೀವು ದಾರಿಯಲ್ಲಿಲ್ಲ.

ಕಾರಿನಲ್ಲಿ ಬಂದವರಿಗೆ

ಚಾರಣದ ಗೊಡವೆಯೇ ಇಲ್ಲದೆ, ಕಳಸದಿಂದ ಕುದುರೆಮುಖ, ಎಸ್.ಕೆ. ಬಾರ್ಡರ್ (ಹಳೆಯ ಸೌತ್ ಕೆನರಾ ಜಿಲ್ಲೆಯ ಗಡಿ) ಮೇಲೆ ಕಾರ್ಕಳದ ಕಡೆ ಇಳಿಯುವವರೂ ತಪ್ಪುತ್ತಾರೆ. ಈ ರಸ್ತೆ ಉದ್ಯಾನದ ನಡುವೆಯೇ ಹೋಗುತ್ತದೆ. ಬಸ್ರಿಕಲ್ಲು, ತನಿಕೋಡು, ಮಾಳ, ಈ ಕಡೆಗಳಲ್ಲಿ ಗೇಟುಗಳಿವೆ. ಗೇಟಿನಲ್ಲಿ ನೀವು ಒಳಗೆ ಬಂದ ಹೊತ್ತು ಬರೆದ ಚೀಟಿ ಕೊಡುತ್ತಾರೆ, ಆ ಕಡೆಯ ಗೇಟಿನಲ್ಲಿ ಅದನ್ನು ತೋರಿಸಬೇಕು. ತೀರಾ ತಡವಾಗಿ ಬಂದರೆ ನಡುವೆ ಎಲ್ಲಿ ನಿಂತಿದ್ದಿರಿ ಅಂತ ಕೇಳುತ್ತಾರೆ, ದಂಡವನ್ನೂ ಹಾಕುತ್ತಾರೆ. ಆ ಚೀಟಿಯನ್ನು ಡ್ಯಾಶ್‌ಬೋರ್ಡಿನ ಮೇಲೆ ಎಸೆದು ಮರೆಯಬೇಡಿ.

ರಸ್ತೆ ಮೇಲೆ ಹೋಗಲು ನಿಮಗೆ ಅನುಮತಿ ಇದೆ, ರಸ್ತೆಯಿಂದ ಇಳಿದು ಕಾಡಿಗೆ ಹೋಗಲು ಇಲ್ಲ. ಹನುಮನಗುಂಡಿಯಂತೆ ಟಿಕೆಟ್ ಕೊಟ್ಟು ಬಿಡುವ ಜಾಗವಾದರೆ ಸರಿ. ಕಡಾಂಬಿ ಜಲಪಾತ ರಸ್ತೆಗೇ ಕಾಣುತ್ತದೆ, ನೋಡಿ ಮುಂದೆ ಹೋಗಬೇಕು. ಪಕ್ಕದ ಬಂಡೆ ಹತ್ತಿ ಮೇಲಿನ ಗುಂಡಿಗೆ ಹೋಗುವ ಹಾಗಿಲ್ಲ. ಊಟದ ಬುತ್ತಿ ಬಿಚ್ಚಿ ಹುಲ್ಲಿನ ಮೇಲೆ ಚಾಪೆ ಹಾಸುವ ಕುಟುಂಬಗಳನ್ನು ಕಂಡಾಗ ನನಗೆ ನಿಜವಾಗಿ ಬೇಸರವಾಗುತ್ತದೆ. ಅವರ ಮೇಲೆ ಸಿಟ್ಟಿಲ್ಲ. ಆದರೆ ಚೆಲ್ಲಿದ ಅನ್ನ, ಚಿಪ್ಸಿನ ಪೊಟ್ಟಣಕ್ಕೆ ಮಂಗಗಳು ರಸ್ತೆಗೆ ಬರುವುದು ಕಲಿಯುತ್ತವೆ, ಗಾಡಿಗೆ ಸಿಕ್ಕಿ ಸಾಯುತ್ತವೆ. ಸಿಂಗಳೀಕ ಅನ್ನುವ ಪ್ರಾಣಿ ಪಶ್ಚಿಮಘಟ್ಟ ಬಿಟ್ಟು ಭೂಮಿಯ ಮೇಲೆ ಬೇರೆಲ್ಲೂ ಇಲ್ಲ. ಮರದಿಂದ ಮರಕ್ಕೆ ಹೋಗುವ ಅದು ನೆಲಕ್ಕೆ ಇಳಿಯುವುದೇ ಕಡಿಮೆ.

ಗಣಿಯ ಕಾಲದ ಜಾಗಗಳ ಬಗ್ಗೆಯೂ ಹೇಳಬೇಕು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಇಲ್ಲಿನ ಕಬ್ಬಿಣದ ಅದಿರಿನ ಗಣಿ ನಿಂತಿತು. ಊರಿಗೆ ಊರೇ ಖಾಲಿಯಾಯಿತು. ಆ ಖಾಲಿ ಮನೆಗಳು, ಮುಚ್ಚಿದ ಕಟ್ಟಡಗಳು, ತುಕ್ಕು ಹಿಡಿದ ಯಂತ್ರಗಳು ಈಗ ಕ್ಯಾಮೆರಾ ಹಿಡಿದವರಿಗೆ ಬಹಳ ಇಷ್ಟ. ಅವು ಯಾರದ್ದೂ ಅಲ್ಲ ಅಂದುಕೊಳ್ಳಬೇಡಿ, ಕಾವಲು ಇದೆ. ಲಖ್ಯಾ ಅಣೆಕಟ್ಟಿಗಂತೂ ಹೋಗಲೇಬೇಡಿ. ಸುಮಾರು 100 ಮೀಟರ್ ಎತ್ತರದ ಆ ಕಟ್ಟೆಯ ಹಿಂದೆ ನಿಂತಿರುವುದು ಬರೀ ನೀರಲ್ಲ, ಅದಿರು ತೊಳೆದು ಬಿಟ್ಟ ಕೆಸರು. ಅಂಥ ಕೆಸರು ಮೇಲೆ ಒಣಗಿ ಮೈದಾನದ ಹಾಗೆ ಕಾಣುತ್ತದೆ, ಕಾಲಿಟ್ಟರೆ ಕುಸಿಯುತ್ತದೆ. ನಿಷೇಧದ ಬೋರ್ಡು ಅಲ್ಲಿ ನಿಮ್ಮ ಜೀವಕ್ಕಾಗಿಯೇ ಇದೆ.

ಗೊತ್ತಾದ ಕೂಡಲೇ

ಬೋರ್ಡು ಕಂಡಿರಬಹುದು, ಗಡಿ ಕಲ್ಲು ಕಂಡಿರಬಹುದು, ಮರಕ್ಕೆ ಪಟ್ಟಿಯಿಂದ ಕಟ್ಟಿದ ಹಸಿರು ಕಂದು ಬಣ್ಣದ ಸಣ್ಣ ಡಬ್ಬಿ ಕಂಡಿರಬಹುದು. ಆ ಡಬ್ಬಿ ಕ್ಯಾಮೆರಾ ಟ್ರ್ಯಾಪ್. ಹುಲಿ, ಚಿರತೆ ಲೆಕ್ಕಕ್ಕೆ ಇಟ್ಟಿರುತ್ತಾರೆ. ಮೊಣಕಾಲಿನ ಎತ್ತರದಲ್ಲಿ, ಪ್ರಾಣಿ ಓಡಾಡುವ ದಾರಿಗೆ ಮುಖ ಮಾಡಿಟ್ಟಿರುತ್ತದೆ. ನೀವು ಎದುರು ಹಾದಾಗಲೇ ನಿಮ್ಮ ಫೋಟೊ ಬಿದ್ದಾಗಿದೆ. ಅದನ್ನು ಮುಟ್ಟಬೇಡಿ, ತಿರುಗಿಸಬೇಡಿ, ಮುಚ್ಚಬೇಡಿ. ಅದಕ್ಕೆ ಕೈ ಹಾಕಿದರೆ ದಾರಿ ತಪ್ಪಿ ಬಂದೆವು ಅನ್ನುವ ನಿಮ್ಮ ಮಾತನ್ನು ಆಮೇಲೆ ಯಾರೂ ನಂಬುವುದಿಲ್ಲ.

ನಿಂತಲ್ಲಿಯೇ ನಿಲ್ಲಿ. ಎಲ್ಲರೂ ಇದ್ದಾರಾ ಅಂತ ಎಣಿಸಿ. ಹೊತ್ತು ನೋಡಿ. ಮೊಬೈಲಿನಲ್ಲಿ ನಿಮ್ಮ ಜಾಗದ ಗುರುತನ್ನು ಉಳಿಸಿಕೊಳ್ಳಿ. ಸಿಗ್ನಲ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ. ಫೋಟೊ ತೆಗೆಯುವುದು ನಿಲ್ಲಿಸಿ. ಬೀಡಿ, ಸಿಗರೇಟು, ಒಲೆ ಯಾವುದೂ ಬೇಡ. ರಾಷ್ಟ್ರೀಯ ಉದ್ಯಾನದಲ್ಲಿ ಬೆಂಕಿ ಹಚ್ಚುವುದೇ ಬೇರೆ ಅಪರಾಧ.

ಆಮೇಲೆ ಬಂದ ದಾರಿಯಲ್ಲಿ ವಾಪಸ್. ನನ್ನ ಅನುಭವದಲ್ಲಿ ಜನ ಎಡವುವುದು ಇಲ್ಲೇ. ಇಷ್ಟು ದೂರ ಬಂದಾಯಿತು, ಆಚೆ ಕಡೆ ಇಳಿದರೆ ಯಾವುದಾದರೂ ರಸ್ತೆ ಸಿಗುತ್ತದೆ ಅಂತ ಮುಂದುವರಿಯುತ್ತಾರೆ. ಇಲ್ಲವೇ ಗಾರ್ಡಿಗೆ ಸಿಕ್ಕಿಬೀಳಬಾರದೆಂದು ಗೇಟು ತಪ್ಪಿಸಿ ಬಳಸು ದಾರಿ ಹಿಡಿಯುತ್ತಾರೆ. ಕಳ್ಳದಾರಿ ಹುಡುಕಿದ ಆ ಗಳಿಗೆಯಿಂದ ಆಕಸ್ಮಿಕ ಅನ್ನುವ ಮಾತಿಗೆ ಬೆಲೆ ಇರುವುದಿಲ್ಲ.

ಹಳ್ಳದ ಗುಂಟ ಇಳಿದರೆ ಊರು ಸಿಗುತ್ತದೆ ಅನ್ನುವ ಮಾತನ್ನು ಬಹಳ ಜನ ಎಲ್ಲಿಂದಲೋ ಕಲಿತು ಬಂದಿರುತ್ತಾರೆ. ಈ ಘಟ್ಟದಲ್ಲಿ ಅದನ್ನು ಮಾಡಬೇಡಿ. ಕುದುರೆಮುಖ ಶಿಖರ 1894 ಮೀಟರ್ ಎತ್ತರದಲ್ಲಿದೆ, ಅದರ ಪಡುವಣ ಮಗ್ಗುಲು ದಕ್ಷಿಣ ಕನ್ನಡದ ಕಡೆ ಗೋಡೆಯಂತೆ ಕುಸಿಯುತ್ತದೆ. ಮೇಲೆ ಜುಳುಜುಳು ಅಂತ ಹರಿಯುವ ಹಳ್ಳ ಸ್ವಲ್ಪ ದೂರದಲ್ಲೇ ಅಬ್ಬಿಯಾಗಿ ಧುಮುಕುತ್ತದೆ. ಪಾಚಿ ಹಿಡಿದ ಬಂಡೆಯ ಮೇಲೆ ಇಳಿದವರಿಗೆ ಮತ್ತೆ ಹತ್ತಲು ಆಗುವುದಿಲ್ಲ. ನೀರಿನ ಸದ್ದಿಗೆ ಕೂಗಿದ್ದೂ ಕೇಳುವುದಿಲ್ಲ.

ಮಂಜು ಮುಚ್ಚಿಕೊಂಡು ಬಂದ ದಾರಿಯೇ ಕಾಣದಿದ್ದರೆ? ಕೂತುಬಿಡಿ. ಗಾಳಿಗೆ ಬೆನ್ನು ಕೊಟ್ಟು, ಒಬ್ಬರಿಗೊಬ್ಬರು ಅಂಟಿಕೊಂಡು, ಮಳೆಯಂಗಿ ಹೊದ್ದು ಕೂತುಕೊಳ್ಳಿ. ಇಲ್ಲಿನ ಮಂಜು ಒಂದೇ ಸಮ ನಿಲ್ಲುವುದಿಲ್ಲ, ಅಲೆಯಾಗಿ ಬಂದು ಹೋಗುತ್ತದೆ. ನಡುವೆ ಒಮ್ಮೆ ಪರದೆ ಸರಿದ ಹಾಗೆ ಗುಡ್ಡ ಕಾಣುತ್ತದೆ, ಆಗ ಒಂಟಿಮರವೋ ಜನರ ಸಾಲೋ ಕಂಡರೆ ದಿಕ್ಕು ಗುರುತು ಮಾಡಿಕೊಂಡು ಹೊರಡಿ. ಹೋದ ವರ್ಷ ನಮ್ಮಲ್ಲಿ ಉಳಿದಿದ್ದ ತಂದೆ ಮಗಳು ಹೀಗೇ ಮಾಡಿದರು. ಗುಂಪಿನಿಂದ ಹಿಂದುಳಿದು ಬೆಂಕಿ ರೇಖೆ ಹಿಡಿದು ಹೋಗಿದ್ದರಂತೆ. ಬೂಟಿನ ಅಚ್ಚು ಕಾಣುತ್ತಿಲ್ಲ ಅಂತ ಮೊದಲು ಗಮನಿಸಿದ್ದು ಆ ಹುಡುಗಿ. ಅಪ್ಪನನ್ನು ಕೂರಿಸಿ, ವಿಸಿಲ್ ಊದುತ್ತಾ ಕಾದಳು. ಮೈದುನ ವಾಪಸ್ ಬಂದು ಹುಡುಕುವಾಗ ಅದೇ ಸದ್ದು ಹಿಡಿದು ಅವರ ಹತ್ತಿರ ಹೋದ. ಮೂರು ಸಲ ಊದಿ ನಿಲ್ಲಿಸುವುದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮೂರು ಸಲ. ಒಂದು ವಿಸಿಲ್ ಎಲ್ಲರ ಚೀಲದಲ್ಲೂ ಇರಲಿ.

ಫೋನ್ ಸಿಕ್ಕುವ ಕಡೆ ಇದ್ದರೆ 112ಕ್ಕೆ ಕರೆ ಮಾಡಿ. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಸಿಗ್ನಲ್ ಇದ್ದರೆ ಆ ಕರೆ ಹೋಗುತ್ತದೆ. ಅರಣ್ಯ ಇಲಾಖೆಯ ಸಹಾಯವಾಣಿ 1926. ಉಳಿದುಕೊಂಡ ಮನೆಯ ನಂಬರನ್ನೂ ಗೈಡ್ ನಂಬರನ್ನೂ ಕಾಗದದಲ್ಲಿ ಬರೆದು ಜೇಬಿನಲ್ಲಿಡಿ, ಮಳೆಗಾಲದಲ್ಲಿ ಮೊಬೈಲನ್ನು ನಂಬುವ ಹಾಗಿಲ್ಲ.

ಪ್ರಾಣಿ ಎದುರಾದರೆ

ದಾರಿ ಬಿಟ್ಟು ಒಳಗೆ ಹೋದಾಗ ಇದಕ್ಕೆ ಹೆಚ್ಚು ಅವಕಾಶ. ಜನ ಓಡಾಡುವ ದಾರಿಯ ಗದ್ದಲ ಪ್ರಾಣಿಗಳಿಗೆ ಗೊತ್ತು, ಅವು ದೂರ ಇರುತ್ತವೆ. ಒಳಗಿನ ಹುಲ್ಲಿನಲ್ಲಿ ನಿಮ್ಮನ್ನು ಅವು ನಿರೀಕ್ಷಿಸಿರುವುದಿಲ್ಲ. ಅದಕ್ಕೇ ವಾಪಸ್ ಬರುವಾಗ ಸಾಧಾರಣ ದನಿಯಲ್ಲಿ ಮಾತಾಡಿಕೊಂಡು ಬನ್ನಿ. ಕರಡಿ, ಕಾಟಿ ಎರಡೂ ಅಪಾಯ ಮಾಡುವುದು ಹೆಚ್ಚಾಗಿ ಬೆಚ್ಚಿಬಿದ್ದಾಗ. ಕಾಟಿ ದಾರಿಗೆ ಅಡ್ಡ ನಿಂತಿದ್ದರೆ ನಿಲ್ಲಿ, ಕಣ್ಣು ಅದರ ಮೇಲೇ ಇರಲಿ, ಹಾಗೇ ನಿಧಾನ ಹಿಂದೆ ಸರಿಯಿರಿ. ತಲೆ ತಗ್ಗಿಸಿ ಉಸಿರು ಬಿಟ್ಟರೆ ಅಥವಾ ಮಗ್ಗುಲು ತಿರುಗಿಸಿ ತನ್ನ ಮೈಯೆಲ್ಲ ತೋರಿಸಿದರೆ ಇನ್ನೂ ದೂರ ಹೋಗು ಅಂತ ಅರ್ಥ. ಕರು ಜೊತೆಗಿದ್ದರೆ ಅದು ಹೋಗುವ ತನಕ ಕಾಯದೆ ಬೇರೆ ಗತಿ ಇಲ್ಲ. ಕಲ್ಲೆಸೆಯುವುದು, ಚಪ್ಪಾಳೆ ತಟ್ಟುವುದು, ಹತ್ತಿರದಿಂದ ಫೋಟೊ ಬೇಡವೇ ಬೇಡ.

ಇಂಬಳದ (ರಕ್ತ ಹೀರುವ ಜಿಗಣೆ) ಬಗ್ಗೆ ಎಲ್ಲರೂ ಹೆದರುತ್ತಾರೆ, ಅದು ಏನೂ ಮಾಡುವುದಿಲ್ಲ. ಉಪ್ಪೋ ಸುಣ್ಣವೋ ಸೋಕಿಸಿದರೆ ಬಿಡುತ್ತದೆ. ಎಳೆದು ಕೀಳಲು ದಾರಿ ಬಿಟ್ಟು ಪೊದೆಯಲ್ಲಿ ಕೂರಬೇಡಿ, ಅಲ್ಲಿ ಇನ್ನಷ್ಟು ಹತ್ತುತ್ತವೆ.

ಗಾರ್ಡ್ ಸಿಕ್ಕರೆ

ಓಡಬೇಡಿ. ಕಾಡಿನಲ್ಲಿ ಖಾಕಿ ಕಂಡು ಓಡುವವರು ಬೇಟೆಯವರು, ಮರ ಕಡಿಯುವವರು. ಕಳ್ಳಬೇಟೆ ತಡೆ ಶಿಬಿರದ ವಾಚರುಗಳು ಓಡಿದವರನ್ನು ಹಾಗೇ ನೋಡುತ್ತಾರೆ. ಅವರಿಗಿಂತ ಮೊದಲು ನೀವೇ ಮಾತಾಡಿ. ಮೈದುನ ಅತಿಥಿಗಳಿಗೆ ಹೇಳಿಕೊಡುವುದು ಇಷ್ಟೇ: ‘ಸಾರ್, ಮುಳ್ಳೋಡಿ ಕಡೆಯಿಂದ ಬಂದ್ವಿ, ಮಂಜಲ್ಲಿ ದಾರಿ ತಪ್ತು, ಈಗ ವಾಪಸ್ ಹೋಗ್ತಾ ಇದೀವಿ. ಪರ್ಮಿಟ್ ಇದೆ, ನೋಡಿ.’ ಇದರಲ್ಲಿ ಎಲ್ಲ ಬಂತು. ಎಲ್ಲಿಂದ ಬಂದಿರಿ, ಯಾಕೆ ಬಂದಿರಿ, ಏನು ಮಾಡುತ್ತಿದ್ದೀರಿ.

ಕೇಳಿದರೆ ಪರ್ಮಿಟ್, ಆಧಾರ್ ಕಾರ್ಡು ತೋರಿಸಿ. ಚೀಲ ನೋಡುತ್ತೇವೆ ಅಂದರೆ ತೋರಿಸಿ. ಸಾರಾಯಿ ಬಾಟಲಿ, ಪ್ಲಾಸ್ಟಿಕ್ ಹುಡುಕುವುದು ಅವರ ದಿನದ ಕೆಲಸ. ನಮ್ಮ ಮಾವ ಇಂಥ ಇಲಾಖೆಯಲ್ಲಿದ್ದಾರೆ, ನಮಗೆ ಆ ಶಾಸಕರು ಗೊತ್ತು ಅನ್ನುವ ಮಾತು ಎತ್ತಬೇಡಿ. ದುಡ್ಡು ಕೊಡಲು ಹೋಗಬೇಡಿ, ದಾರಿ ತಪ್ಪಿದ್ದಕ್ಕಿಂತ ಅದು ದೊಡ್ಡ ಅಪರಾಧ. ಈ ವಾಚರುಗಳಲ್ಲಿ ಬಹಳಷ್ಟು ಜನ ನಮ್ಮ ಸುತ್ತಿನ ಊರಿನವರೇ, ಮಳೆಯಲ್ಲಿ ನೆನೆದು, ತಿಂಗಳುಗಟ್ಟಲೆ ಮನೆ ಬಿಟ್ಟು ಕಾಡಿನ ಶಿಬಿರದಲ್ಲಿ ಗಂಜಿ ಬೇಯಿಸಿಕೊಂಡು ಇರುವವರು. ಬನ್ನಿ ಹೋಗಿ ಅಂತ ಮರ್ಯಾದೆ ಕೊಟ್ಟು ಮಾತಾಡಿದರೆ ಹೆಚ್ಚಿನ ಸಲ ಅವರೇ ದಾರಿಗೆ ತಂದು ಬಿಡುತ್ತಾರೆ.

ಎಲ್ಲ ಸಲವೂ ಬರೀ ಬುದ್ಧಿಮಾತಿನಲ್ಲಿ ಮುಗಿಯುತ್ತದೆ ಅಂತ ನಾನು ಭರವಸೆ ಕೊಡುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ರಾಷ್ಟ್ರೀಯ ಉದ್ಯಾನಕ್ಕೆ ಅನುಮತಿ ಇಲ್ಲದೆ ಹೋಗುವುದು ಅಪರಾಧ. 2022ರ ತಿದ್ದುಪಡಿಯ ನಂತರ ಇಂಥ ಸಾಮಾನ್ಯ ಉಲ್ಲಂಘನೆಗೆ ಮೂರು ವರ್ಷದ ತನಕ ಜೈಲು, ಒಂದು ಲಕ್ಷ ರೂಪಾಯಿಯ ತನಕ ದಂಡ ಹಾಕುವ ಅವಕಾಶವಿದೆ. ದಂಡ ಕಟ್ಟಿಸಿಕೊಂಡು ಪ್ರಕರಣ ಮುಗಿಸುವ ಅಧಿಕಾರವನ್ನು ಕಾಯ್ದೆ ಮೇಲಿನ ಅಧಿಕಾರಿಗಳಿಗೆ ಕೊಟ್ಟಿದೆ. ಆದ್ದರಿಂದ ವಲಯ ಕಚೇರಿಗೆ ಬನ್ನಿ ಅಂದರೆ ಹೋಗಿ. ದಂಡ ಕಟ್ಟಿದರೆ ರಸೀದಿ ಕೇಳಿ ತೆಗೆದುಕೊಳ್ಳಿ. ಹೇಳಿಕೆ ಬರೆಸಿಕೊಂಡರೆ ಓದದೆ ಸಹಿ ಹಾಕಬೇಡಿ. ಕನ್ನಡ ಓದಲು ಬಾರದವರು ಓದಿ ಹೇಳಿ ಅಂತ ಕೇಳಬಹುದು. ಪ್ರಕರಣ ದಾಖಲಿಸುತ್ತೇವೆ ಅಂದರೆ ಯಾವ ಕಲಂ ಅಂತ ಕೇಳಿ, ಮನೆಯವರಿಗೆ ಫೋನ್ ಮಾಡಿ, ವಕೀಲರನ್ನು ನೋಡಿ. ಬಂಧಿಸಿದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ಇವನ್ನೆಲ್ಲ ಜಗಳದ ದನಿಯಲ್ಲಿ ಕೇಳುವ ಅಗತ್ಯವಿಲ್ಲ.

ನೀವು ಹೊರಟುಹೋದ ಮೇಲೆ ಇಲ್ಲಿ ಏನಾಗುತ್ತದೆ ಅನ್ನುವುದನ್ನೂ ತಿಳಿದಿರಿ. ಗೈಡನ್ನು ಕರೆಸುತ್ತಾರೆ, ಜೀಪಿನವನನ್ನು ಕೇಳುತ್ತಾರೆ, ಉಳಿಸಿಕೊಂಡ ಮನೆಯವರಿಗೂ ಪ್ರಶ್ನೆ ಬರುತ್ತದೆ. ಉದ್ಯಾನದ ಒಳಗೇ ಉಳಿದ ಮನೆಗಳಿವೆ. ತಲೆತಲಾಂತರದಿಂದ ಇದ್ದ ಆ ಜನ ಒಂದು ಹೊರೆ ಸೌದೆ ತರಲು, ರಸ್ತೆಗೆ ಮಣ್ಣು ಹಾಕಿಸಲು ಹತ್ತು ಸಲ ಯೋಚಿಸಬೇಕು. ಅಂಥವರ ಕಣ್ಣೆದುರು ಹೊರಗಿನಿಂದ ಬಂದವರು ಎಲ್ಲೆಂದರಲ್ಲಿ ತಿರುಗಾಡಿದರೆ ಅವರಿಗೆ ಹೇಗಾಗಬೇಡ? ತಪ್ಪಾಗಿದ್ದರೆ ನಿಮ್ಮ ಗೈಡ್ ಪರವಾಗಿ ಒಂದು ಮಾತಾಡಿ. ಅವನು ಬೇಡ ಅಂದರೂ ನಾವೇ ಹಿಂದುಳಿದೆವು ಅಂತಿದ್ದರೆ ಅದನ್ನು ಹೇಳಿ.

ಬೇರೆ ಕಡೆಗೆ ಹೋದಾಗ

ರೈಲು ಹಳಿಯ ಮೇಲೆ ನಡೆಯುವುದು ಕಾಡಿನ ವಿಷಯಕ್ಕಿಂತ ಸರಳ, ಅಲ್ಲಿ ಅನುಮಾನಕ್ಕೇ ಜಾಗವಿಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ತನಕದ ಘಟ್ಟದ ಹಳಿಯಲ್ಲಿ, ಎಡಕುಮೇರಿ ಕಡೆ ಹಿಂದೆ ಎಲ್ಲರೂ ನಡೆಯುತ್ತಿದ್ದರು, ಈಗ ಬಿಡುವುದಿಲ್ಲ. ಆ ಸುರಂಗಗಳಲ್ಲಿ ರೈಲು ಬಂದರೆ ಪಕ್ಕಕ್ಕೆ ಸರಿಯಲು ಜಾಗ ಸಿಗುವುದು ಕಷ್ಟ. ದೂಧ್‌ಸಾಗರದಲ್ಲಿ 2023ರ ಜುಲೈನಲ್ಲಿ ನೂರಾರು ಜನ ಹಳಿಗೆ ಇಳಿದಾಗ ರೈಲ್ವೆ ಪೊಲೀಸರು ಬಸ್ಕಿ ಹೊಡೆಸಿದ್ದನ್ನು ನೀವೂ ನೋಡಿರಬಹುದು. ಜಲಪಾತವನ್ನು ಬೋಗಿಯೊಳಗಿಂದಲೇ ನೋಡಿ ಅಂತ ನೈರುತ್ಯ ರೈಲ್ವೆ ಆಗ ಕೇಳಿಕೊಂಡಿತು. ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅತಿಕ್ರಮ ಪ್ರವೇಶಕ್ಕೆ ಆರು ತಿಂಗಳ ತನಕ ಜೈಲು, ಇಲ್ಲವೇ ಒಂದು ಸಾವಿರ ರೂಪಾಯಿಯ ತನಕ ದಂಡ, ಇಲ್ಲವೇ ಎರಡೂ.

ಕಾರವಾರದ ಕಡೆ ಹೋದರೆ ಐಎನ್‌ಎಸ್ ಕದಂಬ ನೌಕಾನೆಲೆಯ ಬೇಲಿ, ಬೋರ್ಡು ಕಂಡ ಕಡೆ ಕ್ಯಾಮೆರಾ ಒಳಗಿಡಿ. ಯುದ್ಧನೌಕೆ ನೋಡಬೇಕೆಂದರೆ ಟ್ಯಾಗೋರ್ ಕಡಲತೀರದಲ್ಲಿ ಚಪಲ್ ನೌಕೆಯ ಸಂಗ್ರಹಾಲಯವಿದೆ. ಸೇನೆಯ ಜಾಗದಲ್ಲಿ ಯಾರಾದರೂ ತಡೆದರೆ ಕೈ ಕಾಣುವಂತೆ ನಿಲ್ಲಿ, ಕೇಳಿದ್ದಕ್ಕೆ ಉತ್ತರ ಕೊಡಿ. ತೆಗೆದ ಫೋಟೊವನ್ನು ಗಾಬರಿಯಲ್ಲಿ ಅಳಿಸಿಹಾಕಬೇಡಿ, ತೋರಿಸಿ, ಅವರು ಹೇಳಿದಂತೆ ಮಾಡಿ. ಅಳಿಸಿದರೆ ಮುಚ್ಚಿಡುವಂಥದ್ದು ಏನೋ ಇತ್ತು ಅಂತಾಗುತ್ತದೆ.

ವಾಪಸ್ ಬಂದ ಮೇಲೆ

ಸುರಕ್ಷಿತವಾಗಿ ದಾರಿಗೆ ಸೇರಿದಿರಿ, ಯಾರಿಗೂ ಗೊತ್ತಾಗಲಿಲ್ಲ ಅಂತಿಟ್ಟುಕೊಳ್ಳಿ. ಆದರೂ ಗೇಟಿನಲ್ಲಿ ಇರುವವರಿಗೆ, ಇಲ್ಲವೇ ನಿಮ್ಮ ಗೈಡಿಗೆ ಹೇಳಿ: ಇಂಥ ಕಡೆ ಬೋರ್ಡು ಬಿದ್ದಿದೆ, ಇಂಥ ತಿರುವಿನಲ್ಲಿ ಬೆಂಕಿ ರೇಖೆ ದಾರಿಯಂತೆ ಕಾಣುತ್ತದೆ. ಮಳೆಗಾಲದಲ್ಲಿ ಬೋರ್ಡುಗಳು ಗಾಳಿಗೆ ಬೀಳುತ್ತವೆ, ಕಾಟಿ ಮೈ ಉಜ್ಜಿ ಬೀಳಿಸುತ್ತದೆ. ನೀವು ಹೇಳಿದರೆ ಮಾರನೇ ದಿನ ಯಾರಾದರೂ ಹೋಗಿ ನಾಲ್ಕು ಕಲ್ಲು ಅಡ್ಡ ಇಟ್ಟು ಬರುತ್ತಾರೆ. ಮೈದುನನೂ ಹಾಗೆ ಎಷ್ಟೋ ಕಡೆ ಮುಳ್ಳಿನ ಕೊಂಬೆ ಕಡಿದು ಅಡ್ಡ ಹಾಕಿದ್ದಾನೆ.

ಆ ಜಾಗದಲ್ಲಿ ತೆಗೆದ ಫೋಟೊ, ವಿಡಿಯೊವನ್ನು ಎಲ್ಲೂ ಹಾಕಬೇಡಿ ಅಂತ ಕೈ ಮುಗಿದು ಕೇಳುತ್ತೇನೆ. ಯಾರೂ ನೋಡದ ಅಬ್ಬಿ, ಗುಪ್ತ ಗುಡ್ಡ ಅಂತ ಒಂದು ರೀಲ್ ಬಂದರೆ ಮುಂದಿನ ಶನಿವಾರ ಅದೇ ತಿರುವಿನಲ್ಲಿ ಹತ್ತಾರು ಬೈಕು ನಿಂತಿರುತ್ತವೆ. ಹತ್ತು ಜನ ನಡೆದರೆ ಹುಲ್ಲು ಮಲಗುತ್ತದೆ, ನೂರು ಜನ ನಡೆದರೆ ಮಣ್ಣು ಕಾಣುತ್ತದೆ, ಆಮೇಲೆ ಒಂದು ಮುಂಗಾರಿನ ಮಳೆ ಸಾಕು, ಅಲ್ಲೊಂದು ಕೊರಕಲು ಬೀಳಲು. ಮನೆಯವರಿಗೆ ತೋರಿಸಿಕೊಳ್ಳಿ, ಬೇಡ ಅನ್ನುವುದಿಲ್ಲ. ಸ್ನೇಹಿತರಿಗೆ ಕಳಿಸುವುದಾದರೆ ಫೋಟೊದ ವಿವರದಲ್ಲಿರುವ ಲೊಕೇಶನ್ ತೆಗೆದು ಕಳಿಸಿ. ಹಂಚುವ ಮುಂಚೆ ಅದನ್ನು ತೆಗೆಯುವ ಆಯ್ಕೆ ಹಲವು ಮೊಬೈಲುಗಳಲ್ಲಿ ಇರುತ್ತದೆ. ನೀವು ನಡೆದ ದಾರಿಯನ್ನು ಯಾವುದಾದರೂ ಆ್ಯಪ್ ತಾನಾಗಿಯೇ ದಾಖಲಿಸಿದ್ದರೆ ಆ ಗೆರೆಯನ್ನೂ ಅಳಿಸಿ. ನಾಳೆ ಬರುವವರ ಮ್ಯಾಪಿನಲ್ಲಿ ಚುಕ್ಕಿ ದಾರಿಯಾಗಿ ಕಾಣುವುದು ಅದೇ.